ಗಂಜಿ ಒಣಗುವ ಮುನ್ನ

ಹಿರಿಯೂರಿನಿಂದ ನಡೆದು ಯಲ್ಲದಕೆರೆ ಮುಟ್ಟುವಾಗ ಬಿಸಿಲೇರಿತ್ತು. ಹಿಂದಿನ ಮೂರು ಊರುಗಳಲ್ಲಿ ಕ್ರೈಸ್ತ ಉಪದೇಶಿಯಾದ ನನ್ನ ಮಾತಿಗೆ ಯಾರೂ ನಿಂತಿರಲಿಲ್ಲ. ಇಲ್ಲೂ ಹಾಗಾದರೆ ಚಿತ್ರದುರ್ಗಕ್ಕೆ ಹಿಂದಿರುಗಿ, ಈ ಕೆಲಸವನ್ನೇ ಬಿಟ್ಟುಬಿಡುವುದೆಂದು ನಿಶ್ಚಯಿಸಿದ್ದೆ.

ಕುರುಬರ ಬೀದಿಯ ಉದ್ದಕ್ಕೂ ಕಂಬಳಿಯ ನೂಲನ್ನು ಬಿಗಿದು ಕಟ್ಟಿ, ನಾಲ್ಕಾರು ಜನ ಅದಕ್ಕೆ ಹುಣಸೆಬೀಜದ ಗಂಜಿ ಬಳಿಯುತ್ತಿದ್ದರು. ನಾನು ಸುವಾರ್ತೆಯ ಪುಸ್ತಕ ತೆರೆದು ಗಟ್ಟಿಯಾಗಿ ಓದತೊಡಗಿದೆ. ಒಬ್ಬರೂ ತಲೆಯೆತ್ತಲಿಲ್ಲ. ಸಿಟ್ಟು ಬಂತು. ದೇವರ ಮಾತೆಂದರೆ ಇಷ್ಟು ಅಸಡ್ಡೆಯೇ ಎಂದುಬಿಟ್ಟೆ.

“ಅಸಡ್ಡೆ ಅಲ್ಲ ಸ್ವಾಮಿ,” ಎಂದ ಒಬ್ಬ ಮುದುಕ, ಕೈ ನಿಲ್ಲಿಸದೆ. “ಗಂಜಿ ಒಣಗೋದ್ರೊಳಗೆ ತಿಕ್ಕಬೇಕು. ಇಲ್ದಿದ್ರೆ ನೂಲು ಅಂಟ್ಕಂಡು ಕೆಡ್ತೈತೆ. ನನ್ನ ಮಗ ಮಾರಿಕಣಿವೆ ಅಣೆಕಟ್ಟೆ ಕಟ್ಟೋ ಕೆಲಸಕ್ಕೆ ಹೋಗ್ಯಾನೆ. ಆ ತುದೀಗೆ ಒಂದಾಳು ಕಮ್ಮಿ ಐತೆ.”

ನಾಚಿಕೆಯಾಯಿತು. ಪುಸ್ತಕವನ್ನು ಜಗಲಿಯ ಮೇಲಿಟ್ಟು ಆ ತುದಿಗೆ ಹೋಗಿ ಕುಂಚ ಹಿಡಿದೆ. ಮೊದಲು ಎಲ್ಲರೂ ನಕ್ಕರು, ಆಮೇಲೆ ಹೇಗೆ ತಿಕ್ಕಬೇಕೆಂದು ತೋರಿಸಿಕೊಟ್ಟರು. ಕೆಲಸ ಮುಗಿಯುವ ಹೊತ್ತಿಗೆ ನನಗೆ ಮೊಣಕೈವರೆಗೂ ಗಂಜಿ ಮೆತ್ತಿತ್ತು, ಸೊಂಟ ಹಿಡಿದುಕೊಂಡಿತ್ತು. ಅಷ್ಟು ಹೊತ್ತೂ ನಾನು ಯೇಸುವಿನ ಹೆಸರೆತ್ತಿರಲಿಲ್ಲ.

ಎತ್ತಿದವನು ಆ ಮುದುಕನೇ. “ಆಗ್ಲೇ ಓದಿದ್ರಲ್ಲ, ಆ ಯೇಸಪ್ಪ. ಆತ ಏನು ಕೆಲಸ ಮಾಡ್ತಿದ್ದ?”

“ಬಡಗಿ.”

“ಹಂಗಾದ್ರೆ ನಮ್ಮಂಗೇ ಕೈಕೆಲಸದೋನು,” ಎನ್ನುತ್ತ ಆತ ತನ್ನ ಹೆಗಲ ಕಂಬಳಿಯನ್ನು ತೆಗೆದು ಜಗಲಿಯ ಮೇಲೆ ನನಗಾಗಿ ಹಾಸಿದ. “ಕುಂತ್ಕಳ್ರಿ. ಮೊದ್ಲಿಂದ ಓದ್ರಿ.”