ಸಂತೆ ದಿನದ ಮಾತ್ರೆ

ಹೊಸೂರು ಕಡೆಯ ಗಡಿಯೂರು ಬೇರಿಕೆಯ ನಮ್ಮ ಮೆಡಿಕಲ್ ಅಣ್ಣನ ಕೊರಳಲ್ಲಿ ಸದಾ ಒಂದು ಕತ್ತರಿ ನೇತಾಡುತ್ತಿತ್ತು. ದಾರಕ್ಕೆ ಕಟ್ಟಿದ, ತುದಿ ಮೊಂಡಾದ ಪುಟ್ಟ ಕತ್ತರಿ. ಮಾತ್ರೆಯ ಪಟ್ಟಿ ಕತ್ತರಿಸಿ ಕೊಡುವಾಗಲೆಲ್ಲ, "ಮಾತ್ರೆಗೆ ಕಣ್ಣಿಲ್ಲ, ನುಂಗೋರ್ಗೆ ಇರ್ಬೇಕು" ಎನ್ನುತ್ತಿದ್ದರು. ತಮಿಳರಿಗೆ ತಮಿಳಲ್ಲಿ, ತೆಲುಗರಿಗೆ ತೆಲುಗಲ್ಲಿ ಅದೇ ಮಾತು. ಕೇಳಿ ಕೇಳಿ ನನಗೆ ರೇಗುತ್ತಿತ್ತು. ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವಳಿಗೇ ಪಾಠವೇ?

ಸಂಧಿವಾತ ಹಿಡಿದ ಮೇಲೆ ಬೆಳಗ್ಗೆ ನನ್ನ ಬೆರಳುಗಳು ಮಡಚುತ್ತಲೇ ಇರಲಿಲ್ಲ. ನೋವಿನ ಮಾತ್ರೆ ಹೊಟ್ಟೆ ಉರಿಸಿತು, ಸ್ಟೀರಾಯ್ಡ್ ಮುಖ ಊದಿಸಿತು. ಕೊನೆಗೆ ಹೊಸೂರಿನ ಡಾಕ್ಟರು ಮೆಥೋಟ್ರೆಕ್ಸೇಟ್ ಬರೆದರು, ವಾರಕ್ಕೆ ಒಂದೇ ದಿನ. ಅದರ ತೊಂದರೆ ತಡೆಯಲು ಉಳಿದ ಆರು ದಿನ ಫೋಲಿಕ್ ಆಸಿಡ್. ಎರಡೂ ಹಳದಿ, ಎರಡೂ ಚಿಕ್ಕವು. ಅಣ್ಣ ವಾರದ ಪಟ್ಟಿಯ ಮೇಲೆ ಕೆಂಪು ಗೀಟು ಎಳೆದು, "ಇದು ಸಂತೆ ದಿನ ಮಾತ್ರ, ಟೀಚರಮ್ಮ" ಎಂದು ಕೊಟ್ಟಿದ್ದರು.

ಪಟ್ಟಿಯಿಂದ ಮಾತ್ರೆ ಒತ್ತಿ ತೆಗೆಯುವಷ್ಟು ಬಲ ನನ್ನ ಬೆರಳಿಗೆಲ್ಲಿತ್ತು? ದಿನಾ ಸೊಸೆಯನ್ನು ಕರೆಯಲು ಸಂಕೋಚ. ಒಂದೇ ಸಲ ಎಲ್ಲವನ್ನೂ ಅವಳಿಂದ ಬಿಡಿಸಿ, ಒಂದೇ ಥರದ ಎರಡು ಡಬ್ಬಿಗೆ ಹಾಕಿಸಿಕೊಂಡೆ. ಹೆಸರು ಬರೆಯಲಿಲ್ಲ. ನೆನಪಿರುತ್ತದೆ ಎಂಬ ಜಂಬ.

ಹತ್ತು ದಿನಕ್ಕೆ ಬಾಯಿ ತುಂಬ ಹುಣ್ಣು. ರಾಗಿ ಅಂಬಲಿಯೂ ಇಳಿಯದು. ಸಂತೆಯ ದಿನ ಮುಲಾಮು ಕೇಳಲು ಅಣ್ಣನ ಅಂಗಡಿಗೆ ಹೋದೆ.

"ಬಾಯ್ ತಗೀರಿ." ಟಾರ್ಚು ಬಿಟ್ಟು ನೋಡಿದರು. "ದಿನಾ ನುಂಗೋ ಮಾತ್ರೆ ಯಾವ್ದು, ತೋರ್ಸಿ."

ಕೈಚೀಲದಿಂದ ಡಬ್ಬಿ ಕೊಟ್ಟೆ. ಕಾಗದದ ಮೇಲೆ ಸುರಿದು, ಹೊಸ ಪಟ್ಟಿಯ ಮಾತ್ರೆಯೊಂದಿಗೆ ಹೋಲಿಸಿದವರ ಮುಖ ಬಿಳಚಿಕೊಂಡಿತು.

"ಅಯ್ಯೋ, ವಾರದ್ದನ್ನ ದಿನಾ ನುಂಗ್ಬುಟ್ಟಿದ್ದೀರಲ್ಲಮ್ಮ! ಇನ್ನೊಂದು ಮುಟ್ಬೇಡಿ. ನಡೀರಿ ಹೊಸೂರ್ಗೆ, ನಾನೂ ಬತ್ತೀನಿ."

ಸಂತೆಯ ವ್ಯಾಪಾರ ಬಿಟ್ಟು ಬಾಗಿಲೆಳೆದರು. ಆಸ್ಪತ್ರೆಯಲ್ಲಿ ನೋಡಿದರೆ ರಕ್ತದ ಬಿಳಿಕಣಗಳು ತೀರಾ ಇಳಿದಿದ್ದವು. ಇನ್ನು ನಾಲ್ಕು ದಿನ ತಡವಾಗಿದ್ದರೆ ಜೀವಕ್ಕೇ ಕುತ್ತಾಗುತ್ತಿತ್ತು ಎಂದರು ಡಾಕ್ಟರು. ಹೊರಗೆ ಕೂತ ಅಣ್ಣನ ಕೊರಳಿನ ಕತ್ತರಿ ಕಂಡು ನರ್ಸಮ್ಮ ಯಾರೋ ಟೈಲರ್ ಇರಬೇಕೆಂದುಕೊಂಡಳಂತೆ. ವಾರದ ನಂತರ ಬಿಳಿಕಣ ಏರಿದ ಸುದ್ದಿ ಕೇಳಿ ಅವರು ಗೋಡೆಗೊರಗಿ, "ಅಬ್ಬ, ಬದುಕ್ದೆ ಕಣಮ್ಮ ನಾನು" ಎಂದರು. ಸಾಯಬೇಕಿದ್ದವಳು ನಾನು!

ಕೆಲವು ತಿಂಗಳ ಮೇಲೆ ಡಾಕ್ಟರು ಅದೇ ಮಾತ್ರೆಯನ್ನು ಮತ್ತೆ ಶುರು ಮಾಡಿದರು. ನಾನು ಬೇಡವೇ ಬೇಡ ಎಂದೆ. "ತಪ್ಪು ಮಾತ್ರೇದಲ್ಲ, ಡಬ್ಬೀದು" ಎಂದ ಅಣ್ಣ ಪಟ್ಟಿಯನ್ನು ಅಂಗಡಿಯಲ್ಲೇ ಇಟ್ಟುಕೊಂಡರು. ಪ್ರತಿ ಸಂತೆಗೂ ಒಂದನ್ನು ಕತ್ತರಿಸಿ, ತಾವೇ ಒತ್ತಿ ತೆಗೆದು, ನೀರಿನ ಲೋಟದೊಂದಿಗೆ ಕೊಡುತ್ತಿದ್ದರು. ಆಮೇಲೆ, "ಮುಷ್ಟಿ ಹಿಡೀರಿ ನೋಡಾನ" ಎನ್ನುವರು. ಮೊದಮೊದಲು ಅರ್ಧ, ಆಮೇಲೆ ಮುಕ್ಕಾಲು. ಅವರಿಗೆ ನನ್ನ ಹಳೇ ಶಿಷ್ಯರ ರ‍್ಯಾಂಕಿಗಿಂತ ಹೆಚ್ಚಿನ ಸಂಭ್ರಮ.

ಹೋದ ವರ್ಷ ಅವರು ನಿದ್ದೆಯಲ್ಲೇ ತೀರಿಕೊಂಡರು. ಆ ವಾರದ ಸಂತೆಯ ದಿನ, ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಅವರ ಮಗ ಮನೆಗೆ ತಂದುಕೊಟ್ಟಿದ್ದ ಪಟ್ಟಿಯನ್ನು ನಾನೇ ಒತ್ತಿದೆ. ಮಾತ್ರೆ ಅಂಗೈಗೆ ಬಿತ್ತು. ನುಂಗಿ, ಮುಷ್ಟಿ ಹಿಡಿದೆ. ಪೂರ್ತಿ ಮುಚ್ಚಿತು.

"ನೋಡಣ್ಣ" ಎಂದೆ.