ಹಲ್ಲಿನ ಮೇಸ್ತ್ರಿ ಬಿಟ್ಟ ಎಲೆಗಳು

ಹಲ್ಲಿನ ಡಾಕ್ಟರು ರೋಗಿಯ ಬಾಯಿಯ ಅಚ್ಚಿನ ಜೊತೆ ಅಳತೆ ಬರೆದ ಚೀಟಿ ಕಳಿಸುತ್ತಿದ್ದರು. ಹಲ್ಲಿನ ಮೇಸ್ತ್ರಿ ಅದನ್ನು ಓದುವ ಮೊದಲೇ ಪ್ಲಾಸ್ಟರಿನ ಅಚ್ಚನ್ನು ಅಂಗೈಯಲ್ಲಿಟ್ಟುಕೊಂಡು, ಹೆಬ್ಬೆರಳಿನಿಂದ ಒಸಡಿನ ಏರಿಳಿತವನ್ನು ಸವರಿ ನೋಡುತ್ತಿದ್ದ. “ಈಯಮ್ಮ ಬಲಗಡೆ ಮಾತ್ರ ಅಗಿಯೋದು,” ಎನ್ನುತ್ತಿದ್ದ. ಎಂದೂ ಮುಖ ನೋಡದ ಹೆಂಗಸಿನ ಬಗ್ಗೆ ಆಡಿದ ಆ ಮಾತು ನಿಜವಾಗಿರುತ್ತಿತ್ತು. ಮೇಣ ಕರಗಿಸಿ, ಹಲ್ಲು ಜೋಡಿಸಿ, ಅರ ಹಿಡಿದು ಉಜ್ಜಿ, ನಲವತ್ತು ವರ್ಷ ಅವನು ಊರಿನ ಬೊಚ್ಚುಬಾಯಿಗಳನ್ನು ತುಂಬಿಸಿದ. ದೇವರು ಕೆಲವರಿಗೆ ಕಂಠ ಕೊಡುತ್ತಾನೆ. ಇವನಿಗೆ ಹೆಬ್ಬೆರಳು ಕೊಟ್ಟಿದ್ದ.

ಆಮೇಲೆ ಡಾಕ್ಟರು ಯಂತ್ರ ತರಿಸಿದರು. ಬಾಯಿಯೊಳಗೆ ಪೆನ್ನಿನಂಥದ್ದನ್ನು ಆಡಿಸಿದರೆ ಪರದೆಯ ಮೇಲೆ ಚಿತ್ರ ಮೂಡುತ್ತಿತ್ತು, ಪಕ್ಕದ ಪೆಟ್ಟಿಗೆಯಲ್ಲಿ ಹಲ್ಲು ತಯಾರಾಗುತ್ತಿತ್ತು. ವಾರಕ್ಕೆ ಹತ್ತು ಬರುತ್ತಿದ್ದ ಅಚ್ಚುಗಳು ಎರಡಾದವು, ಆಮೇಲೆ ನಿಂತೇ ಹೋದವು. ಅರವತ್ತಾರನೆಯ ವಯಸ್ಸಿನಲ್ಲಿ ಮೇಸ್ತ್ರಿ ಕೆಲಸದ ಕೋಣೆಗೆ ಬೀಗ ಹಾಕಿದ.

“ಹಲ್ಲು ಹೋದ್ರೆ ಹೋಗ್ಲಿ. ಕೈ ಎಲ್ಲಿಗೆ ಹೋಗುತ್ತೆ?” ಎಂದು ಹೆಂಡತಿಗೆ ಹೇಳಿದ. ಆ ಕೈಗೆ ಇನ್ನು ಉಳಿದಿದ್ದ ಕೆಲಸವೆಂದರೆ ಭಾನುವಾರದ ಪೋಕರ್ ಇಸ್ಪೀಟು ಒಂದೇ.

ಮರದ ಡಿಪೋದ ಹಿಂದಿನ ಕೋಣೆಯಲ್ಲಿ, ಮಧ್ಯಾಹ್ನದ ಊಟ ಮುಗಿದ ಮೇಲೆ, ಐದಾರು ಮಂದಿ ಬಿಲ್ಲೆಗಳನ್ನು ಪಣವಿಟ್ಟು ಆಡುತ್ತಿದ್ದರು. ಪ್ರತಿಯೊಬ್ಬನ ಕೈಯಲ್ಲಿ ಮುಚ್ಚಿದ ಎರಡು ಎಲೆ, ಮೇಜಿನ ಮೇಲೆ ತೆರೆದ ಐದು. ಒಳ್ಳೆಯ ಎಲೆ ಬಂದವನೂ ಬಿಲ್ಲೆ ತಳ್ಳುತ್ತಾನೆ. ಏನೂ ಇಲ್ಲದವನೂ ಎದುರಿನವರನ್ನು ಹೆದರಿಸಲು ತಳ್ಳುತ್ತಾನೆ. ಅದು ನಿಜವೋ ಸುಳ್ಳೋ ಎಂದು ತೀರ್ಮಾನಿಸಿ ಅಷ್ಟೇ ಬಿಲ್ಲೆ ಇಟ್ಟು ನಿಲ್ಲಬೇಕು, ಇಲ್ಲವೇ ಎಲೆ ಬಿಟ್ಟು ಸೋಲೊಪ್ಪಬೇಕು. ಎದುರಿನವರೆಲ್ಲ ಬಿಟ್ಟರೆ ತಳ್ಳಿದವನು ತನ್ನ ಎಲೆ ತೋರಿಸಬೇಕಿಲ್ಲ. ಮೇಸ್ತ್ರಿ ಹತ್ತೊಂಬತ್ತು ವರ್ಷಗಳಿಂದ ಎಲೆಯ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಲೇ ತೀರ್ಮಾನಿಸುತ್ತಿದ್ದ. ಸಂಜೆ ಮನೆಗೆ ಬಂದು, ಹೆಂಡತಿ ಬ್ರೆಡ್ಡನ್ನು ಚಹಾದಲ್ಲಿ ನೆನೆಸಿ ನೆನೆಸಿ ತಿನ್ನುತ್ತಿರುವಾಗ, ಆ ದಿನದ ಕಥೆ ಹೇಳುತ್ತಿದ್ದ. ಕಥೆ ಯಾವುದಾದರೂ “ನನಗೆ ಗೊತ್ತಿತ್ತು ಕಣೇ” ಎಂದೇ ಮುಗಿಯುತ್ತಿತ್ತು. ಕೊನೆಗೆ ಬಿಲ್ಲೆ ಯಾರ ಮುಂದೆ ಉಳಿದವು ಎಂದು ಅವಳು ಕೇಳುತ್ತಿರಲಿಲ್ಲ.

ಉಳಿಯುತ್ತಿದ್ದದ್ದು ಹವಾಮಾನ ಕಚೇರಿಯಿಂದ ನಿವೃತ್ತನಾದ ಗುಮಾಸ್ತನ ಮುಂದೆ. ಹತ್ತರಲ್ಲಿ ಎಂಟು ಆಟ ಅವನು ಆರಂಭದಲ್ಲೇ ಎಲೆ ಬಿಟ್ಟು ಆಕಳಿಸುತ್ತ ಕೂರುತ್ತಿದ್ದ. ಮನೆಯಲ್ಲಿ ಪುಸ್ತಕ ಓದಿ, ಕೋಷ್ಟಕ ಬರೆದು, ಅಭ್ಯಾಸ ಮಾಡಿಕೊಂಡು ಬರುತ್ತಿದ್ದ. ಎಷ್ಟೋ ಭಾನುವಾರ ಸೋಲುತ್ತಿದ್ದ. ವರ್ಷದ ಕೊನೆಗೆ ನೋಡಿದರೆ ಗೆದ್ದಿರುತ್ತಿದ್ದ.

“ಇದು ಆಟ ಅಲ್ಲ, ಗುಮಾಸ್ತಿಕೆ,” ಎಂದು ಮೇಸ್ತ್ರಿ ಚುಚ್ಚುತ್ತಿದ್ದ. “ನಿಮ್ಮ ಕಚೇರಿ ಬಿಸಿಲು ಅಂದ ದಿನ ಊರೆಲ್ಲ ಕೊಡೆ ಹಿಡ್ಕೊಂಡು ಓಡಾಡ್ತಿತ್ತು.”

“ಹತ್ತರಲ್ಲಿ ಮೂರು ದಿನ ತಪ್ತಿತ್ತು ಮೇಸ್ತ್ರಿ. ಯಾವ ಮೂರು ಅಂತ ಬರೆದಿಟ್ಟಿದ್ವಿ.”

ಕೋಣೆಗೆ ಬೀಗ ಬಿದ್ದ ಮರುವಾರ ಒಂದು ಆಟದಲ್ಲಿ ಇವರಿಬ್ಬರೇ ಉಳಿದರು. ಗುಮಾಸ್ತ ಬಿಲ್ಲೆಗಳ ಗುಪ್ಪೆಯನ್ನು ಮುಂದಕ್ಕೆ ತಳ್ಳಿದ. ಮೇಸ್ತ್ರಿ ಹೆಬ್ಬೆರಳು ಸವರಿ ಎಲೆ ಬಿಟ್ಟ.

“ರಾಜನ ಜೋಡಿ ಇಟ್ಕೊಂಡಿದೀರಿ. ಗೊತ್ತು ನನಗೆ.”

“ತೋರಿಸ್ಲಾ?”

“ಬೇಡ ಬಿಡಿ. ಗೊತ್ತು ಅಂದ್ನಲ್ಲ.”

ಗುಮಾಸ್ತ ಎಲೆಗಳನ್ನು ಇಸ್ಪೀಟಿನ ಕಟ್ಟಿನೊಳಗೆ ಸೇರಿಸದೆ ಕೈಯಲ್ಲೇ ಹಿಡಿದುಕೊಂಡ. “ನೀವು ಮಾಡಿದ ಹಲ್ಲು ಸರಿ ಕೂರದಿದ್ರೆ ಏನಾಗ್ತಿತ್ತು?”

“ವಾಪಸ್ ಬರ್ತಿತ್ತು. ಒಸಡೆಲ್ಲ ಹುಣ್ಣು ಮಾಡ್ಕೊಂಡು ಬಂದು, ನನ್ನ ವಂಶನೆಲ್ಲ ಬೈದು, ಎದುರಿಗೇ ಉಜ್ಜಿಸ್ಕೊಂಡು ಹೋಗೋರು.”

“ಅದಕ್ಕೇ ನಿಮ್ಮ ಕೈ ಪಳಗಿತು. ಬಿಟ್ಟ ಎಲೆ ಯಾವತ್ತಾದ್ರೂ ವಾಪಸ್ ಬಂದಿದೆಯಾ?”

ಡಿಪೋ ಮಾಲೀಕ ನಕ್ಕ. ಮೇಸ್ತ್ರಿಗೆ ನಗು ಬರಲಿಲ್ಲ.

ಅದನ್ನು ಪರೀಕ್ಷಿಸುವ ದಾರಿಯನ್ನೂ ಗುಮಾಸ್ತನೇ ಹೇಳಿದ. ಒಂದು ವರ್ಷ, ಇಬ್ಬರೇ ಉಳಿದಾಗಲೆಲ್ಲ, ಮೇಸ್ತ್ರಿ ತನಗೆ ಅನ್ನಿಸಿದ್ದನ್ನು ಮೊದಲು ಚೀಟಿಯಲ್ಲಿ ಬರೆಯಬೇಕು: ನಿಜ, ಇಲ್ಲವೇ ಸುಳ್ಳು. ಆಟ ಮುಗಿದ ಮೇಲೆ ಗುಮಾಸ್ತ ಎಲೆ ತೋರಿಸುತ್ತಾನೆ. ಯಾವ ಆಟಗಾರನೂ ಎದುರಾಳಿಗೆ ಮಾಡದ ಉಪಕಾರ ಅದು. ಆದರೆ ಮೇಸ್ತ್ರಿ ಒಪ್ಪಿದ್ದು ಆಟ ಗೆಲ್ಲುವುದಕ್ಕಲ್ಲ. ಯಂತ್ರ ಕಿತ್ತುಕೊಳ್ಳಲಾರದ್ದು ತನ್ನಲ್ಲಿ ಒಂದಾದರೂ ಉಳಿದಿದೆ ಎಂಬುದನ್ನು ಅವನು ಕಣ್ಣಾರೆ ನೋಡಬೇಕಿತ್ತು.

ಮೊದಮೊದಲು ಸರಿಯಾದ ಚೀಟಿಗಳನ್ನು ಹೆಂಡತಿಗೆ ಓದಿ ಹೇಳಿದ. ಮೂರನೆಯ ತಿಂಗಳಿಗೆ ಅದನ್ನು ಬಿಟ್ಟ. ಒಂದು ಸಂಗತಿ ಅವನನ್ನು ಒಳಗೊಳಗೇ ಕೊರೆಯುತ್ತಿತ್ತು. ತಪ್ಪು ಚೀಟಿ ಬರೆಯುವಾಗಲೂ ಹೆಬ್ಬೆರಳಲ್ಲಿ ಅದೇ ಬಿಸಿ, ಅದೇ ಧೈರ್ಯ. ಸರಿಗೂ ತಪ್ಪಿಗೂ ಒಳಗಿನಿಂದ ಕೂದಲೆಳೆಯ ವ್ಯತ್ಯಾಸವೂ ಕಾಣುತ್ತಿರಲಿಲ್ಲ.

ವರ್ಷ ತುಂಬಿದ ದಿನ ಒಬ್ಬನೇ ಹೋಗಿ ಕೆಲಸದ ಕೋಣೆಯ ಬೀಗ ತೆಗೆದು, ಮೇಣದ ಕಲೆಗಳಿದ್ದ ಮೇಜಿನ ಮೇಲೆ ಚೀಟಿಗಳನ್ನು ವಿಂಗಡಿಸಿದ. ನೂರ ಎಂಬತ್ತು ಚೀಟಿ. ತೊಂಬತ್ತೊಂದು ಸರಿ, ಎಂಬತ್ತೊಂಬತ್ತು ತಪ್ಪು. ಗುಮಾಸ್ತ ಸುಳ್ಳಾಡಿದ್ದು ಮೂರಕ್ಕೆ ಒಂದು ಸಲ ಮಾತ್ರ. ಕಣ್ಣು ಮುಚ್ಚಿಕೊಂಡು ಪ್ರತಿ ಸಲವೂ ‘ನಿಜ’ ಎಂದು ಗೀಚಿದ್ದರೂ ನೂರ ಇಪ್ಪತ್ತು ಸರಿಯಾಗುತ್ತಿದ್ದವು. ಹೆಬ್ಬೆರಳಿಲ್ಲದೆ ಹುಟ್ಟಿದ್ದರೂ ಅವನು ಇದಕ್ಕಿಂತ ಚೆನ್ನಾಗಿ ಆಡುತ್ತಿದ್ದ.

“ಕಲೀಬಹುದು ಮೇಸ್ತ್ರಿ,” ಎಂದು ಮುಂದಿನ ಭಾನುವಾರ ಲೆಕ್ಕ ಕೇಳಿದ ಗುಮಾಸ್ತ ತನ್ನ ಕೋಷ್ಟಕದ ಪುಸ್ತಕ ಕೊಟ್ಟ. ಅವನ ದನಿಯಲ್ಲಿ ಗೆದ್ದ ಬಿಂಕ ಇರಲಿಲ್ಲ. ಇದ್ದಿದ್ದರೆ ಮೇಸ್ತ್ರಿಗೆ ಬೈಯಲಾದರೂ ಒಂದು ನೆಪ ಸಿಗುತ್ತಿತ್ತು. “ನನಗೆ ಹನ್ನೊಂದು ವರ್ಷ ಹಿಡೀತು, ಅಷ್ಟೇ.”

“ನನಗೀಗ ಅರವತ್ತೇಳು.”

“ಹೌದಲ್ವಾ,” ಎಂದ ಗುಮಾಸ್ತ.

ಮೇಸ್ತ್ರಿ ಪುಸ್ತಕವನ್ನು ಮನೆಗೆ ತಂದ. ನಾಲ್ಕು ಪುಟ ಓದಿದ. ಐದನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಮರೆತಿತ್ತು.

ಹೆಂಡತಿ ಎದುರಿಗೆ ಕೂತು ಬ್ರೆಡ್ಡು ನೆನೆಸುತ್ತಿದ್ದಳು. ಅವಳ ಹಲ್ಲಿನ ಸೆಟ್ಟನ್ನು ಎಂಟು ವರ್ಷದ ಹಿಂದೆ ಮಾಡಿದ್ದು ಅವನೇ. ಒಂದು ಸಲವೂ ವಾಪಸ್ ಬಾರದ ಸೆಟ್ಟು ಅದೊಂದೇ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದ. ಬ್ರೆಡ್ಡಿನ ಅಂಚುಗಳು ಮೃದುವಾಗಿ ಜೋತುಬೀಳುವವರೆಗೆ ಅವಳು ಕಾಯುವುದನ್ನು ಮೇಸ್ತ್ರಿ ಇಂದು ನೋಡಿದ. ಎಂಟು ವರ್ಷವೂ ಅದು ಅವನ ಕಣ್ಣೆದುರಿಗೇ ನಡೆದಿತ್ತು.

“ನಿನ್ನ ಸೆಟ್ಟು ನೋಯುತ್ತಾ?”

“ಇದೇನು ಇವತ್ತು ಹೊಸ ಪ್ರಶ್ನೆ? ಚೆನ್ನಾಗಿದೆ ರೀ.”

ಅವಳ ಮುಖ ನೋಡಿದ. ನಲವತ್ತೆರಡು ವರ್ಷ ನೋಡಿದ ಮುಖ. ನಿಜವೋ ಸುಳ್ಳೋ, ಹೆಬ್ಬೆರಳು ಏನೂ ಹೇಳಲಿಲ್ಲ.

“ತೋರಿಸ್ಲಾ ಬೇಕಾದ್ರೆ?” ಎಂದು ಅವಳು ಬಾಯಿಗೆ ಕೈ ಒಯ್ದಳು. ಒಸಡಿನ ಮೇಲೆ ಹುಣ್ಣಿದ್ದರೆ ಒಂದು ಗಳಿಗೆಯಲ್ಲಿ ಕಾಣುತ್ತಿತ್ತು.

“ಬೇಡ,” ಎಂದ ಮೇಸ್ತ್ರಿ. ಚಹಾದ ಲೋಟವನ್ನು ಅವಳ ಕಡೆಗೆ ಸರಿಸಿದ. “ಇನ್ನೊಂಚೂರು ನೆನೆಸ್ಕೋ.”