ಬೇರಿಗೆ ಹಾಕಿದ ಪುಡಿ

ತನ್ನ ಅಕ್ಕನ ಕಿಡ್ನಿ ಪಡೆದು ಮನೆಗೆ ಹೊರಟ ನನ್ನ ಹೆಂಡತಿಗೆ ಡಾಕ್ಟರು ಹತ್ತಾರು ಪಥ್ಯ ಹೇಳಿದರು. ಅವಳು ಅತ್ತದ್ದು ಒಂದಕ್ಕೇ: ಇನ್ನು ಮಣ್ಣು ಮುಟ್ಟಬಾರದು. ಹೊಸ ಕಿಡ್ನಿ ಉಳಿಸುವ ಮಾತ್ರೆಗಳು ಸೋಂಕು ತಡೆಯುವ ಶಕ್ತಿಯನ್ನೂ ಕುಗ್ಗಿಸುತ್ತವೆ, ಮಣ್ಣಿನ ಫಂಗಸ್ ಎದೆಗಿಳಿದರೆ ಕಷ್ಟ ಎಂದರು.

ತೆಂಗಿನಗುಂಡಿಯ ನಮ್ಮ ಅಂಗಳದಲ್ಲಿ, ಮೀನು ತುಂಬುವ ಹಳೆಯ ಥರ್ಮಾಕೋಲ್ ಪೆಟ್ಟಿಗೆಗಳಲ್ಲಿ ಅವಳು ಪುದೀನಾ, ದೊಡ್ಡಪತ್ರೆ ಬೆಳೆಸಿದ್ದಳು. ನಾನು ಬೋಟಿನ ಇಂಜಿನ್ ನೋಡಿಕೊಳ್ಳುವವ. ನಾವು ಆಸ್ಪತ್ರೆಯಲ್ಲಿದ್ದಾಗ ಒಣಗಿದ ಗಿಡಗಳಿಗೆ ಹೊಸ ಮಣ್ಣು ತುಂಬಿ ಯೂರಿಯಾ ಸುರಿದೆ. ಉಳಿದ ಎಲೆಗಳೂ ಸುಟ್ಟವು.

ಹೊನ್ನಾವರದ ಗೊಬ್ಬರದಂಗಡಿಯವನು ಒಂದು ಪುಡಿಯ ಪೊಟ್ಟಣ ಕೊಟ್ಟ. "ಇದು ಗೊಬ್ಬರ ಅಲ್ಲ, ಒಳ್ಳೆ ಜಾತಿ ಫಂಗಸ್. ಬೇರಿಗೆ ಹತ್ತಿ ಬೆಳೀತದೆ, ಬೇರು ಮುಟ್ಟದ ಕಡೆಯಿಂದ ಸಾರ ಎಳೆದು ಕೊಡ್ತದೆ."

ಫಂಗಸ್ ಎಂಬ ಹೆಸರು ಕೇಳಿಯೇ ಹಿಂಜರಿದೆ, ಆದರೂ ಕೊಂಡೆ. ಮನೆಗೆ ತಂದು ಹೇಳಿದಾಗ ಅವಳು ಮಾಸ್ಕಿನೊಳಗೇ ನಕ್ಕಳು.

"ನಂಗೆ ಆಗದ್ದು ಗಿಡಕ್ಕೆ ಬೇಕಂತೆ! ಎಂತ ಹೆದರ್ತ್ರಿ, ದೂರ ಬಾವಿ ಹತ್ರ ಹಾಕಿ. ಮೇಲೆ ಚೆಲ್ಬೇಡಿ, ಬೇರಿಗೇ ತಾಗ್ಬೇಕು."

ಕಿಟಕಿಯಿಂದ ಅವಳು ಹೇಳಿದಂತೆ ಪೆಟ್ಟಿಗೆಗಳನ್ನು ಬಾವಿಯ ಬಳಿ ಇಟ್ಟು, ಬೇರು ಬಿಟ್ಟ ಹೊಸ ಕಡ್ಡಿಗಳನ್ನು ಪುಡಿ ತಾಗಿಸಿ ನೆಟ್ಟೆ. ಮಿಂದು, ಬಟ್ಟೆ ಬದಲಿಸಿ ಒಳಗೆ ಹೋದೆ. ಕೆಲವು ವಾರಗಳಲ್ಲಿ ಪುದೀನಾ ಪೆಟ್ಟಿಗೆ ತುಂಬಿ ಹೊರಚೆಲ್ಲಿತು. ಹಸಿ ಸೊಪ್ಪು ಅವಳಿಗೆ ನಿಷಿದ್ಧ. ಬೇಯಿಸಿ ಕೊಟ್ಟರೆ, "ಇದಕ್ಕೆ ಎಂತ ಪರಿಮಳ ಉಳೀತು?" ಎಂದು ತಟ್ಟೆ ಸರಿಸಿದಳು.

ಆಮೇಲೆ ಜ್ವರ, ಕೆಮ್ಮು. ಎದೆಯಲ್ಲಿ ಫಂಗಸ್ ಎಂದರು. ಆಸ್ಪತ್ರೆಯಿಂದ ಅವಳು ಮರಳಲಿಲ್ಲ.

ಖಾಲಿ ಪೊಟ್ಟಣ ಹಿಡಿದು ಡಾಕ್ಟರ ಬಳಿ ಹೋದೆ. ಓದಿ ನೋಡಿದರು. "ಇದು ಬೇರಿನಲ್ಲಿ ಮಾತ್ರ ಬದುಕುವಂಥದ್ದು. ಮನುಷ್ಯರಿಗೆ ಹತ್ತುವುದಿಲ್ಲ. ಅವರಿಗೆ ಬಂದದ್ದು ಬೇರೆ, ಗಾಳಿಯಲ್ಲೂ ಇರುತ್ತದೆ."

"ಮಣ್ಣಲ್ಲೂ ಇರ್ತದಾ?"

"ಇರುತ್ತದೆ."

"ಮಣ್ಣು ಕೆದಕಿದ್ದು ನಾನೇ."

ಅವರು ಪೊಟ್ಟಣವನ್ನು ನನ್ನ ಕೈಗೆ ಮರಳಿಸಿದರು. "ಎಲ್ಲಿಂದ ಬಂತೆಂದು ಯಾರೂ ಹೇಳಲಾರರು."

ತಿಂಗಳ ನಂತರ ಕುಮಟಾದಿಂದ, ಕಿಡ್ನಿ ಕೊಟ್ಟಿದ್ದ ಅವಳ ಅಕ್ಕ ಬಂದಳು. ಬಾವಿಯ ಬಳಿ ಸೊಪ್ಪು ಕೀಳುತ್ತಾ ಕೇಳಿದಳು, "ಎಷ್ಟ್ ಚಂದ ಬಂದದೆ! ಎಂತ ಹಾಕಿದ್ರಿ?"

ಎಲ್ಲ ಹೇಳಿಬಿಟ್ಟೆ, ಡಾಕ್ಟರ ಮಾತನ್ನೂ ಬಿಡದೆ. ಅವಳು ಕಿತ್ತ ಸೊಪ್ಪನ್ನು ಕಟ್ಟೆಯ ಮೇಲಿಟ್ಟು, ಕೈ ತೊಳೆದಳು. "ಆತು, ನಾ ಹೊರಡ್ತೇನೆ" ಎಂದಳು. ಊಟಕ್ಕೆ ನಿಲ್ಲಿ ಎಂದರೂ ನಿಲ್ಲಲಿಲ್ಲ. ಆಮೇಲೆ ನಾನು ಎರಡು ಸಲ ಫೋನ್ ಮಾಡಿದೆ. ಅವಳು ಎತ್ತಲಿಲ್ಲ.